ಆದೇಶ ಮಧ್ಯಂತರ, ಖರ್ಚು ನಿರಂತರ

ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಎಂಬ ಗಾದೆಯನ್ನು ಕೇಳದ ಕನ್ನಡಿಗರಿಲ್ಲ. ಗಾದೆ ಹುಟ್ಟಿದ ಕಾಲದಲ್ಲಿ ಜಗಳ ಅಡುಗೆಮನೆಯಿಂದ ಜಗಲಿಗೆ, ಹೆಚ್ಚೆಂದರೆ ಊರ ಹಿರಿಯರ ಕಟ್ಟೆಗೆ ಬರುತ್ತಿತ್ತು. ಈಗ ಅದು ಕೌಟುಂಬಿಕ ನ್ಯಾಯಾಲಯದ ಮೆಟ್ಟಿಲು ಹತ್ತುತ್ತದೆ. ಅಲ್ಲಿಂದ ಹೈಕೋರ್ಟಿಗೆ, ಕೆಲವೊಮ್ಮೆ ದೆಹಲಿಯ ಸುಪ್ರೀಂ ಕೋರ್ಟಿನವರೆಗೂ ಹೋಗುತ್ತದೆ. ದಾರಿ ಉದ್ದವಾದಷ್ಟೂ ಕೂಸಿನ ಪಾಡು ಹೆಚ್ಚು.

ನಾಗಪುರದ ಒಂದು ಪ್ರಕರಣವನ್ನು ನೋಡಿ. 2013ರ ಜನವರಿಯಲ್ಲಿ ಕೈಗೂಸಿನೊಂದಿಗೆ ಗಂಡನ ಮನೆ ಬಿಟ್ಟು ಬಂದ ತಾಯಿಯೊಬ್ಬರು ಅದೇ ವರ್ಷದ ಸೆಪ್ಟೆಂಬರಿನಲ್ಲಿ ತಮಗೂ ಮಗನಿಗೂ ಮಧ್ಯಂತರ ಜೀವನಾಂಶ ಕೋರಿ ಅರ್ಜಿ ಹಾಕಿದರು. ಆದೇಶ ಬಂದದ್ದು ಸುಮಾರು ಎರಡು ವರ್ಷಗಳ ನಂತರ, 2015ರ ಆಗಸ್ಟಿನಲ್ಲಿ. ತಾಯಿಗೆ ತಿಂಗಳಿಗೆ 15,000 ರೂಪಾಯಿ. ಮಗನಿಗೆ ಮೊದಲ ಎರಡು ವರ್ಷ 5,000, ಆಮೇಲೆ 10,000 ರೂಪಾಯಿ. ಪತಿ ಇದನ್ನು ಬಾಂಬೆ ಹೈಕೋರ್ಟಿನ ನಾಗಪುರ ಪೀಠದಲ್ಲಿ ರಿಟ್ ಅರ್ಜಿಯ ಮೂಲಕ ಪ್ರಶ್ನಿಸಿದರು. 2018ರ ಆಗಸ್ಟಿನಲ್ಲಿ ಅದು ವಜಾ ಆಯಿತು. ಅವರು ಸುಪ್ರೀಂ ಕೋರ್ಟಿಗೆ ಹೋದರು. 2020ರ ನವೆಂಬರ್ 4ರಂದು ನ್ಯಾಯಮೂರ್ತಿ ಇಂದು ಮಲ್ಹೋತ್ರಾ ಮತ್ತು ನ್ಯಾಯಮೂರ್ತಿ ಆರ್. ಸುಭಾಷ್ ರೆಡ್ಡಿ ಅವರ ಪೀಠ ಕೆಳಗಿನ ಆದೇಶವನ್ನೇ ಎತ್ತಿಹಿಡಿದು, ಬಾಕಿಯನ್ನು ತೀರಿಸುವಂತೆ ಹೇಳಿತು. ಮನೆ ಬಿಟ್ಟಾಗ ತಾಯಿಯ ತೋಳಲ್ಲಿದ್ದ ಕೂಸು ಅಷ್ಟರಲ್ಲಿ ಶಾಲೆಗೆ ಹೋಗುವ ವಯಸ್ಸಿನ ಹುಡುಗನಾಗಿತ್ತು. ಇಷ್ಟೆಲ್ಲ ಓಡಾಟ ನಡೆದದ್ದು ಬರೀ 'ಮಧ್ಯಂತರ' ಆದೇಶದ ಬಗ್ಗೆ. ಮೂಲ ಅರ್ಜಿ ಇನ್ನೂ ಇತ್ಯರ್ಥವಾಗಿರಲಿಲ್ಲ!

ಕೌಟುಂಬಿಕ ವ್ಯಾಜ್ಯಗಳಲ್ಲಿ ಎಲ್ಲರ ಕಣ್ಣು ಅಂತಿಮ ತೀರ್ಪಿನ ಮೇಲಿರುತ್ತದೆ. ಆದರೆ ಶಾಲೆಯ ಶುಲ್ಕ, ಹಾಸ್ಟೆಲ್ ಬಿಲ್ಲು, ಮನೆ ಬಾಡಿಗೆ, ಔಷಧಿಯ ಖರ್ಚು ಅಂತಿಮ ತೀರ್ಪಿಗಾಗಿ ಕಾಯುವುದಿಲ್ಲ. ಮೊಕದ್ದಮೆ ನಡೆಯುವಷ್ಟು ವರ್ಷವೂ ಸಂಸಾರ ಸಾಗುವುದು ಮಧ್ಯಂತರ ಆದೇಶದ ಆಸರೆಯಲ್ಲೇ. ಸಿಕ್ಕಿದ್ದು ಸಾಲದು ಎಂದು ಒಬ್ಬರಿಗೆ, ಕೊಡಬೇಕಾದದ್ದು ಹೆಚ್ಚಾಯಿತು ಎಂದು ಇನ್ನೊಬ್ಬರಿಗೆ ಅನಿಸಿದಾಗ ಇಬ್ಬರೂ ವಕೀಲರನ್ನು ಕೇಳುವ ಪ್ರಶ್ನೆ ಒಂದೇ: "ಅಪೀಲು ಹಾಕಬಹುದೆ?" ಉತ್ತರ ಅಷ್ಟು ಸರಳವಲ್ಲ. ಅಪೀಲಿನ ಬಾಗಿಲು ಕಿರಿದು. ಅದನ್ನೇ ನೆಚ್ಚಿಕೊಂಡು ಮೊದಲ ನ್ಯಾಯಾಲಯದಲ್ಲಿ ಉದಾಸೀನ ಮಾಡಿದವರಿಗೆ ನಷ್ಟವೇ ಹೆಚ್ಚು.

ಯಾವ ಕಾನೂನು, ಯಾವ ಆದೇಶ?

ಮೊಕದ್ದಮೆ ಮುಗಿಯುವವರೆಗಿನ ತಾತ್ಕಾಲಿಕ ಏರ್ಪಾಡೇ ಮಧ್ಯಂತರ ಆದೇಶ. 1955ರ ಹಿಂದೂ ವಿವಾಹ ಕಾಯ್ದೆಯ ಸೆಕ್ಷನ್ 24ರ ಪ್ರಕಾರ ಸಾಕಷ್ಟು ಸ್ವಂತ ಆದಾಯವಿಲ್ಲದ ಪತ್ನಿಯಾಗಲಿ ಪತಿಯಾಗಲಿ ಮಧ್ಯಂತರ ಜೀವನಾಂಶವನ್ನೂ ಮೊಕದ್ದಮೆಯ ಖರ್ಚನ್ನೂ ಕೇಳಬಹುದು. ಸೆಕ್ಷನ್ 26 ಅಪ್ರಾಪ್ತ ವಯಸ್ಸಿನ ಮಕ್ಕಳ ಪಾಲನೆ, ಪೋಷಣೆ ಮತ್ತು ವಿದ್ಯಾಭ್ಯಾಸಕ್ಕೆ ಸಂಬಂಧಿಸಿದ್ದು. ಮಗಳು ತಾಯಿಯ ಜೊತೆಯಲ್ಲಿದ್ದರೆ ಅವಳ ಖರ್ಚನ್ನೂ ಸೆಕ್ಷನ್ 24ರ ಮೊತ್ತದಲ್ಲಿ ಲೆಕ್ಕ ಹಿಡಿಯಬಹುದು ಎಂದು ಸುಪ್ರೀಂ ಕೋರ್ಟ್ 1997ರಲ್ಲೇ ಹೇಳಿದೆ. ವಿಶೇಷ ವಿವಾಹ ಕಾಯ್ದೆಯಡಿ ಮದುವೆಯಾದವರಿಗೂ, ಕ್ರೈಸ್ತರಿಗೆ ಅನ್ವಯಿಸುವ 1869ರ ವಿಚ್ಛೇದನ ಕಾಯ್ದೆಯಡಿ ಬರುವವರಿಗೂ ಇಂಥದೇ ಅವಕಾಶವಿದೆ. ಅಲ್ಲಿ ಕೇಳುವ ಹಕ್ಕು ಪತ್ನಿಗೆ ಮಾತ್ರ.

ಇವೆಲ್ಲಕ್ಕಿಂತ ವಿಶಾಲವಾದದ್ದು ಧರ್ಮಭೇದವಿಲ್ಲದೆ ಎಲ್ಲರಿಗೂ ಅನ್ವಯಿಸುವ ಜೀವನಾಂಶದ ಕಾನೂನು. ಬಹುಕಾಲ ಇದು ದಂಡ ಪ್ರಕ್ರಿಯಾ ಸಂಹಿತೆಯ ಸೆಕ್ಷನ್ 125 ಎಂದೇ ಜನರ ಬಾಯಲ್ಲಿತ್ತು. 2024ರ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಜಾರಿಗೆ ಬಂದ ಮೇಲೆ ಅದೇ ವಿಷಯ ಸೆಕ್ಷನ್ 144ರಲ್ಲಿದೆ. ಪತ್ನಿ, ಅಪ್ರಾಪ್ತ ಮಕ್ಕಳು, ವೃದ್ಧ ತಂದೆತಾಯಿ ಇದರಡಿ ಅರ್ಜಿ ಹಾಕಬಹುದು. ಒಂದು ಕಾಲಕ್ಕೆ ಇಲ್ಲಿ ತಿಂಗಳಿಗೆ 500 ರೂಪಾಯಿಯ ಮಿತಿ ಇತ್ತು. 2001ರ ತಿದ್ದುಪಡಿ ಆ ಮಿತಿಯನ್ನು ತೆಗೆದುಹಾಕಿ ಮಧ್ಯಂತರ ಜೀವನಾಂಶಕ್ಕೂ ಸ್ಪಷ್ಟ ಅವಕಾಶ ಕೊಟ್ಟಿತು. ನೋಟಿಸ್ ತಲುಪಿದ 60 ದಿನಗಳೊಳಗೆ ಮಧ್ಯಂತರ ಅರ್ಜಿ ಇತ್ಯರ್ಥವಾಗಬೇಕೆಂಬ ಮಾತು ಅದೇ ವರ್ಷ ಈ ಕಾನೂನಿಗೂ ಹಿಂದೂ ವಿವಾಹ ಕಾಯ್ದೆಗೂ ಸೇರಿತು. ಜೊತೆಗೆ 'ಸಾಧ್ಯವಾದ ಮಟ್ಟಿಗೆ' ಎಂಬ ಮಾತೂ ಇದೆ. ವಾಯಿದೆಯ ಮೇಲೆ ವಾಯಿದೆ ಬೀಳುವುದು ಆ ಸಂದಿಯಲ್ಲೇ.

ಬಾಗಿಲು ಕಿರಿದಾದದ್ದು ಏಕೆ?

1984ರ ಕೌಟುಂಬಿಕ ನ್ಯಾಯಾಲಯ ಕಾಯ್ದೆಯ ಸೆಕ್ಷನ್ 19 ಈ ವಿಷಯದ ಕೀಲಿಕೈ. ಕೌಟುಂಬಿಕ ನ್ಯಾಯಾಲಯದ ತೀರ್ಪು ಅಥವಾ ಆದೇಶದ ಮೇಲೆ ಹೈಕೋರ್ಟಿಗೆ ಮೇಲ್ಮನವಿ ಸಲ್ಲಿಸಬಹುದು, ಆದರೆ ಅದು ಮಧ್ಯಂತರ ಆದೇಶವಾಗಿರಕೂಡದು ಎನ್ನುತ್ತದೆ ಆ ಸೆಕ್ಷನ್. ಹಿಂದೂ ವಿವಾಹ ಕಾಯ್ದೆಯ ಸೆಕ್ಷನ್ 28ರದ್ದೂ ಇದೇ ಧಾಟಿ: ಶಾಶ್ವತ ಜೀವನಾಂಶ ಮತ್ತು ಮಕ್ಕಳ ಕುರಿತ ಆದೇಶಗಳಿಗೆ ಮೇಲ್ಮನವಿ ಉಂಟು, ಅವು ಮಧ್ಯಂತರವಾಗಿದ್ದರೆ ಇಲ್ಲ.

ಇದು ಅನ್ಯಾಯವೆಂದು ಮೇಲ್ನೋಟಕ್ಕೆ ಕಾಣಬಹುದು. ಆದರೆ ಹಿಂದಿರುವ ಉದ್ದೇಶ ಬೇರೆ. ಕೌಟುಂಬಿಕ ನ್ಯಾಯಾಲಯಗಳು ಹುಟ್ಟಿದ್ದೇ ರಾಜಿಗೆ ಯತ್ನಿಸಿ, ಆಗದಿದ್ದರೆ ವ್ಯಾಜ್ಯವನ್ನು ಬೇಗ ಮುಗಿಸಲಿಕ್ಕೆ. ಪ್ರತಿಯೊಂದು ತಾತ್ಕಾಲಿಕ ಆದೇಶವೂ ಅಪೀಲಿಗೆ ಹೋಗುವುದಾದರೆ ಕಡತ ಹೈಕೋರ್ಟಿನಲ್ಲಿ, ಕಕ್ಷಿದಾರರು ಹಾದಿಯಲ್ಲಿ, ಮೂಲ ಮೊಕದ್ದಮೆ ಇದ್ದಲ್ಲೇ ಎಂಬಂತಾಗುತ್ತದೆ. ಹಣವುಳ್ಳವರು ಇಲ್ಲದವರನ್ನು ದಣಿಸಲು ಅಪೀಲನ್ನೇ ಆಯುಧ ಮಾಡಿಕೊಳ್ಳುವ ಅಪಾಯವೂ ಇದೆ.

ಆದರೂ ವಿವಾದ ಪೂರ್ತಿ ತಣ್ಣಗಾಗಿಲ್ಲ. ಮಧ್ಯಂತರ ಜೀವನಾಂಶದ ಆದೇಶ ಒಬ್ಬರ ಕಿಸೆಯಿಂದ ವರ್ಷಗಟ್ಟಲೆ ಹಣ ತೆಗೆಸುತ್ತದೆ, ಇನ್ನೊಬ್ಬರ ಬದುಕನ್ನು ನಿರ್ಧರಿಸುತ್ತದೆ. ಅದನ್ನು ಬರೀ ತಾತ್ಕಾಲಿಕ ಎಂದು ತಳ್ಳಿಹಾಕುವುದು ಹೇಗೆ ಎಂಬ ವಾದವನ್ನು ಕೆಲವು ಹೈಕೋರ್ಟುಗಳು ಒಪ್ಪಿದ್ದುಂಟು. ಆದ್ದರಿಂದ ಬೇರೆ ರಾಜ್ಯದಲ್ಲಿ ನೆಂಟರ ಮೊಕದ್ದಮೆ ನಡೆದ ರೀತಿಯೇ ಇಲ್ಲಿಯೂ ನಡೆಯುತ್ತದೆಂದು ಭಾವಿಸುವಂತಿಲ್ಲ.

ಇನ್ನೊಂದು ಎಚ್ಚರಿಕೆಯೂ ಸೆಕ್ಷನ್ 19ರಲ್ಲೇ ಅಡಗಿದೆ. ಇಬ್ಬರೂ ಒಪ್ಪಿ ಆದ ಡಿಕ್ರಿ ಅಥವಾ ಆದೇಶಕ್ಕೆ ಮೇಲ್ಮನವಿ ಇಲ್ಲ. 'ಸದ್ಯಕ್ಕೆ ಒಪ್ಪಿಬಿಡಿ, ಮುಂದೆ ನೋಡೋಣ' ಎಂಬ ನೆಂಟರಿಷ್ಟರ ಮಾತಿಗೆ ಸಹಿ ಹಾಕುವ ಮುನ್ನ ಮಗುವಿನ ಮುಂದಿನ ಮೂರು ನಾಲ್ಕು ವರ್ಷದ ಖರ್ಚನ್ನು ಕಾಗದದ ಮೇಲೆ ಬರೆದು ನೋಡುವುದು ಲೇಸು.

ತೆರೆದಿರುವ ದಾರಿಗಳು

ಮೇಲ್ಮನವಿ ಇಲ್ಲವೆಂದ ಮಾತ್ರಕ್ಕೆ ಕೈಕಟ್ಟಿ ಕೂರಬೇಕಿಲ್ಲ. ಮುಖ್ಯವಾಗಿ ಮೂರು ದಾರಿಗಳಿವೆ.

ಮೊದಲನೆಯದು ಹೈಕೋರ್ಟಿನ ರಿಟ್ ಅರ್ಜಿ. ಕರ್ನಾಟಕದಲ್ಲಿ ಕೌಟುಂಬಿಕ ನ್ಯಾಯಾಲಯದ ಮಧ್ಯಂತರ ಆದೇಶಗಳನ್ನು ಸಾಮಾನ್ಯವಾಗಿ ಸಂವಿಧಾನದ 227ನೇ ವಿಧಿಯಡಿ ಪ್ರಶ್ನಿಸುತ್ತಾರೆ. ಹೈಕೋರ್ಟಿನ ದಿನದ ಪಟ್ಟಿಯಲ್ಲಿ 'ಜಿ.ಎಂ.–ಎಫ್.ಸಿ.' ಎಂದು ಕಾಣುವ ರಿಟ್ ಅರ್ಜಿಗಳು ಇವೇ. ಬೆಂಗಳೂರಿನ ಪ್ರಧಾನ ಪೀಠವಲ್ಲದೆ ಧಾರವಾಡ ಮತ್ತು ಕಲಬುರ್ಗಿಯಲ್ಲಿ 2008ರಿಂದ ಪೀಠಗಳಿದ್ದು, 2013ರಲ್ಲಿ ಅವು ಕಾಯಂ ಆದವು. ಹೀಗಾಗಿ ಬೀದರ್ ಅಥವಾ ಬೆಳಗಾವಿಯ ತಾಯಿ ಇದಕ್ಕಾಗಿ ಬೆಂಗಳೂರಿನ ಬಸ್ಸು ಹತ್ತಬೇಕಿಲ್ಲ.

ಆದರೆ ಇದು ಅಪೀಲಿನ ಇನ್ನೊಂದು ಹೆಸರಲ್ಲ. 227ನೇ ವಿಧಿಯಲ್ಲಿ ಹೈಕೋರ್ಟಿಗಿರುವುದು ಕೆಳಗಿನ ನ್ಯಾಯಾಲಯಗಳ ಮೇಲ್ವಿಚಾರಣೆಯ ಅಧಿಕಾರ. ನ್ಯಾಯಾಲಯ ತನಗಿಲ್ಲದ ಅಧಿಕಾರ ಚಲಾಯಿಸಿತೆ, ಒಬ್ಬರ ಮಾತನ್ನು ಕೇಳದೆಯೇ ತೀರ್ಮಾನಿಸಿತೆ, ಕಣ್ಣೆದುರಿನ ದಾಖಲೆಯನ್ನು ಕಡೆಗಣಿಸಿತೆ, ಕಾರಣ ಕೊಡದೆ ಮೊತ್ತ ಬರೆಯಿತೆ ಎಂಬುದನ್ನು ಅದು ನೋಡುತ್ತದೆ. 'ಹತ್ತು ಸಾವಿರದ ಬದಲು ಎಂಟು ಸಾವಿರ ಸಾಕಿತ್ತು' ಎಂಬಷ್ಟೇ ತಕರಾರು ಅಲ್ಲಿ ನಿಲ್ಲುವುದು ಕಷ್ಟ. ಇದಕ್ಕೆ ನಿಗದಿತ ಕಾಲಮಿತಿ ಇಲ್ಲವಾದರೂ ತಡಮಾಡಿ ಬಂದವರನ್ನು 'ಇಷ್ಟು ದಿನ ಎಲ್ಲಿದ್ದಿರಿ?' ಎಂದು ಕೇಳದೆ ಬಿಡುವುದಿಲ್ಲ.

ಎರಡನೆಯ ದಾರಿ 2005ರ ಕೌಟುಂಬಿಕ ದೌರ್ಜನ್ಯದಿಂದ ಮಹಿಳೆಯರ ರಕ್ಷಣಾ ಕಾಯ್ದೆಯದು. ಇದರಡಿ ಮ್ಯಾಜಿಸ್ಟ್ರೇಟರು ಸೆಕ್ಷನ್ 23ರಂತೆ ಕೊಡುವ ಮಧ್ಯಂತರ ಆದೇಶದ ಮೇಲೆ ಸೆಷನ್ಸ್ ನ್ಯಾಯಾಲಯಕ್ಕೆ ಮೇಲ್ಮನವಿ ಸಲ್ಲಿಸಬಹುದು. ಸೆಕ್ಷನ್ 29ರ ಪ್ರಕಾರ ಗಡುವು 30 ದಿನ. ಒಂದೇ ಮನೆಯ ಜಗಳ, ಒಂದೇ ಬಗೆಯ ಹಣದ ಆದೇಶ. ಆದರೆ ಯಾವ ಕಾನೂನಿನಡಿ ಬಂತು ಎಂಬುದರ ಮೇಲೆ ಅಪೀಲಿನ ಹಕ್ಕೇ ಬದಲಾಗುತ್ತದೆ. ಆದೇಶದ ದೃಢೀಕೃತ ನಕಲು ಕೈಗೆ ಬಂದ ಕೂಡಲೇ ಮೊದಲು ನೋಡಬೇಕಾದದ್ದು ಮೊತ್ತವನ್ನಲ್ಲ, ತಲೆಬರಹದಲ್ಲಿರುವ ಕಾಯ್ದೆ ಮತ್ತು ಸೆಕ್ಷನ್ ಅನ್ನು.

ಮೂರನೆಯದು ಎಲ್ಲಕ್ಕಿಂತ ಹತ್ತಿರದ ದಾರಿ. ಆದರೂ ಅನೇಕರಿಗೆ ನೆನಪಾಗುವುದು ಕೊನೆಗೆ. ಪರಿಸ್ಥಿತಿ ಬದಲಾದಾಗ ಅದೇ ನ್ಯಾಯಾಲಯಕ್ಕೆ ಹೋಗಿ ಮೊತ್ತವನ್ನು ಹೆಚ್ಚಿಸಲು ಅಥವಾ ಕಡಿಮೆ ಮಾಡಲು ಕೇಳಬಹುದು. ಸೆಕ್ಷನ್ 144ರ ಆದೇಶಗಳಿಗೆ ನಾಗರಿಕ ಸುರಕ್ಷಾ ಸಂಹಿತೆಯ ಸೆಕ್ಷನ್ 146ರಲ್ಲೇ ಇದಕ್ಕೆ ಅವಕಾಶವಿದೆ. ಮಗಳು ಪ್ರೌಢಶಾಲೆಯಿಂದ ಪಿ.ಯು. ವಿಜ್ಞಾನಕ್ಕೆ ಸೇರಿದಳು, ಶುಲ್ಕ ಇಮ್ಮಡಿಯಾಯಿತು. ತಂದೆಗೆ ಕೆಲಸ ಹೋಯಿತು ಅಥವಾ ಬಡ್ತಿ ಸಿಕ್ಕಿತು. ತಾಯಿಗೆ ನೌಕರಿ ದೊರೆಯಿತು. ಇವೆಲ್ಲ ಬದಲಾದ ಪರಿಸ್ಥಿತಿಗಳೇ. ಇಂಥ ಸಂಗತಿಗಳಿಗೆ ಹಳೆಯ ಆದೇಶವನ್ನು ತಪ್ಪೆಂದು ಸಾಧಿಸುವ ಅಗತ್ಯವಿಲ್ಲ. ಹೊಸ ದಾಖಲೆಯನ್ನು ಮುಂದಿಟ್ಟರೆ ಸಾಕು.

ಮನೆ, ನಿವೇಶನ, ಒಡವೆ

ಆಸ್ತಿಯ ವಿಷಯದಲ್ಲಿ ತಪ್ಪು ಕಲ್ಪನೆಗಳು ಬಹಳ. ಮದುವೆಯಾದ ಮಾತ್ರಕ್ಕೆ ಗಂಡನ ಆಸ್ತಿಯಲ್ಲಿ ಹೆಂಡತಿಗೆ ಅರ್ಧ ಪಾಲು ಎಂಬ ನಿಯಮ ನಮ್ಮ ದೇಶದಲ್ಲಿಲ್ಲ. ಹಿಂದೂ ವಿವಾಹ ಕಾಯ್ದೆಯ ಸೆಕ್ಷನ್ 27 ಮಾತನಾಡುವುದು ಮದುವೆಯ ಆಸುಪಾಸಿನಲ್ಲಿ ಉಡುಗೊರೆಯಾಗಿ ಬಂದು ಇಬ್ಬರಿಗೂ ಸೇರಿರುವ ವಸ್ತುಗಳ ಬಗ್ಗೆ. ಸ್ತ್ರೀಧನ ಹೆಣ್ಣಿನ ಸ್ವಂತ ಸೊತ್ತು ಎಂಬುದನ್ನು ಸುಪ್ರೀಂ ಕೋರ್ಟ್ 1985ರಲ್ಲೇ ಸ್ಪಷ್ಟಪಡಿಸಿದೆ.

ಮೊಕದ್ದಮೆ ಮುಗಿಯುವಷ್ಟರಲ್ಲಿ ಮನೆಯೇ ಮಾರಾಟವಾಗಿಬಿಟ್ಟರೆ? ಇಲ್ಲಿ 2005ರ ಕಾಯ್ದೆ ನೆರವಿಗೆ ಬರುತ್ತದೆ. ದಂಪತಿ ಬಾಳಿದ ಮನೆಯನ್ನು ಮಾರದಂತೆ, ಅಡವಿಡದಂತೆ, ಹೆಂಡತಿಯನ್ನು ಅಲ್ಲಿಂದ ಹೊರಹಾಕದಂತೆ ಮ್ಯಾಜಿಸ್ಟ್ರೇಟರು ಆದೇಶಿಸಬಹುದು. ಜಂಟಿ ಖಾತೆ, ಲಾಕರು, ಸ್ತ್ರೀಧನವನ್ನು ಮುಟ್ಟದಂತೆಯೂ ತಡೆಯಬಹುದು. ಮನೆ ಅತ್ತೆ ಮಾವನ ಹೆಸರಿನಲ್ಲಿದೆ ಎಂಬ ಒಂದೇ ಕಾರಣಕ್ಕೆ ಸೊಸೆಯ ವಾಸದ ಹಕ್ಕನ್ನು ತಳ್ಳಿಹಾಕಲಾಗದು ಎಂದು ಸುಪ್ರೀಂ ಕೋರ್ಟಿನ ಮೂವರು ನ್ಯಾಯಮೂರ್ತಿಗಳ ಪೀಠ 2020ರ ಅಕ್ಟೋಬರಿನಲ್ಲಿ ತೀರ್ಪಿತ್ತಿದೆ. ವಾಸದ ಹಕ್ಕು ಬೇರೆ, ಒಡೆತನ ಬೇರೆ ಎಂಬುದನ್ನು ಮಾತ್ರ ಮರೆಯಬಾರದು.

ಸಾಮಾನ್ಯ ಸಿವಿಲ್ ನ್ಯಾಯಾಲಯದಲ್ಲಿ ಪಾಲಿನ ದಾವೆ ನಡೆಯುತ್ತಿದ್ದರೆ ಲೆಕ್ಕ ಬೇರೆ. ಅಲ್ಲಿ ಸಿವಿಲ್ ಪ್ರಕ್ರಿಯಾ ಸಂಹಿತೆಯ 39ನೇ ಆದೇಶದಂತೆ ಸಿಗುವ ತಾತ್ಕಾಲಿಕ ತಡೆಯಾಜ್ಞೆಗೆ 43ನೇ ಆದೇಶದಡಿ ನೇರ ಮೇಲ್ಮನವಿ ಉಂಟು. ಆದರೆ ಮೇಲಿನ ನ್ಯಾಯಾಲಯ ತನ್ನ ಅಭಿಪ್ರಾಯ ಬೇರೆ ಎಂಬ ಕಾರಣಕ್ಕೇ ಕೈಹಾಕಬಾರದು, ಕೆಳಗಿನ ಆದೇಶ ಮನಸೋಇಚ್ಛೆಯದಾಗಿದ್ದರೆ ಮಾತ್ರ ಬದಲಿಸಬೇಕು ಎಂದು ಸುಪ್ರೀಂ ಕೋರ್ಟ್ 1990ರಲ್ಲಿ ಹಾಕಿದ ಗೆರೆ ಈಗಲೂ ಅಳತೆಗೋಲು. ಅದೇ ತಡೆಯಾಜ್ಞೆ ಕೌಟುಂಬಿಕ ನ್ಯಾಯಾಲಯದಿಂದ ಬಂದಿದ್ದರೆ ಮತ್ತೆ ಸೆಕ್ಷನ್ 19ರ ಗೋಡೆ ಎದುರಾಗುತ್ತದೆ.

ಅಪೀಲು ಹಾಕಿದರೆ ಹಣ ಕಟ್ಟಬೇಕಿಲ್ಲವೆ?

ಅತಿ ಹೆಚ್ಚು ಹಾನಿ ಮಾಡುವ ತಪ್ಪು ತಿಳಿವಳಿಕೆ ಇದು. ಮೇಲ್ಮನವಿ ಸಲ್ಲಿಸಿದ ಮಾತ್ರಕ್ಕೆ ಆದೇಶ ನಿಲ್ಲುವುದಿಲ್ಲ ಎಂದು ಸಿವಿಲ್ ಪ್ರಕ್ರಿಯಾ ಸಂಹಿತೆಯ 41ನೇ ಆದೇಶದ 5ನೇ ನಿಯಮ ಹೇಳುತ್ತದೆ. ತಡೆಯಾಜ್ಞೆಯನ್ನು ಪ್ರತ್ಯೇಕವಾಗಿ ಕೇಳಬೇಕು. ಕೊಟ್ಟರೂ ಬಾಕಿಯ ಒಂದು ಭಾಗವನ್ನು ಕಟ್ಟಬೇಕೆಂಬ ಷರತ್ತು ಸಾಮಾನ್ಯ. ತಡೆಯಾಜ್ಞೆ ಇಲ್ಲದೆ ಹಣ ನಿಲ್ಲಿಸಿದರೆ ತಿಂಗಳು ತಿಂಗಳೂ ಬಾಕಿ ಬೆಳೆಯುತ್ತದೆ. ಸಂಬಳದಿಂದ ಜಪ್ತಿ ಮಾಡಬಹುದು, ವಾರಂಟ್ ಹೊರಡಿಸಬಹುದು, ಜೈಲಿಗೂ ಕಳಿಸಬಹುದು. ಜೈಲಿಗೆ ಹೋಗಿಬಂದ ಮಾತ್ರಕ್ಕೆ ಜೀವನಾಂಶದ ಸಾಲ ತೀರುವುದಿಲ್ಲ ಎಂಬುದನ್ನೂ ಸುಪ್ರೀಂ ಕೋರ್ಟ್ ಹಿಂದೆಯೇ ಹೇಳಿದೆ.

ಹಣ ಪಡೆಯುವವರಿಗೂ ಒಂದು ಮಾತು. ಸೆಕ್ಷನ್ 144ರಂಥ ಆದೇಶದ ಬಾಕಿಗೆ ವಾರಂಟ್ ಬೇಕಾದರೆ ಅದು ಬಾಕಿಯಾದ ಒಂದು ವರ್ಷದೊಳಗೆ ಅರ್ಜಿ ಹಾಕಬೇಕು. 'ಇಂದಲ್ಲ ನಾಳೆ ಕೊಡುತ್ತಾರೆ' ಎಂದು ಸುಮ್ಮನಿದ್ದರೆ ಕಾಲ ಮೀರುತ್ತದೆ.

ಬುನಾದಿ ಮೊದಲ ಅಫಿಡವಿಟ್

ನಾಗಪುರದ ಪ್ರಕರಣದ ತೀರ್ಪು ಒಂದೇ ಕುಟುಂಬಕ್ಕೆ ಸೀಮಿತವಾಗಲಿಲ್ಲ. ಇಡೀ ದೇಶಕ್ಕೆ ಅನ್ವಯಿಸುವ ನಿಯಮಗಳನ್ನು ಅದು ರೂಪಿಸಿತು. ಮಧ್ಯಂತರ ಜೀವನಾಂಶದ ಪ್ರತಿಯೊಂದು ಅರ್ಜಿಯಲ್ಲೂ ಪತಿ, ಪತ್ನಿ ಇಬ್ಬರೂ ತಮ್ಮ ಆದಾಯ, ಆಸ್ತಿ, ಸಾಲ ಮತ್ತು ಖರ್ಚುಗಳನ್ನು ಅಫಿಡವಿಟ್ಟಿನಲ್ಲಿ ಬಯಲು ಮಾಡಬೇಕು. ಸುಳ್ಳು ಹೇಳಿದವರು ಕ್ರಮ ಎದುರಿಸಬೇಕಾದೀತು. ಜೀವನಾಂಶ ಅರ್ಜಿ ಹಾಕಿದ ದಿನದಿಂದಲೇ ಲೆಕ್ಕಕ್ಕೆ ಬರಬೇಕು. ಬೇರೆ ಬೇರೆ ಕಾನೂನುಗಳಡಿ ಅರ್ಜಿ ಹಾಕಿದ್ದರೆ ಒಂದರಲ್ಲಿ ಸಿಕ್ಕಿದ್ದನ್ನು ಇನ್ನೊಂದರಲ್ಲಿ ಮುಚ್ಚಿಡಬಾರದು. ಮಕ್ಕಳ ವಿದ್ಯಾಭ್ಯಾಸದ ಖರ್ಚನ್ನು ಸಾಮಾನ್ಯವಾಗಿ ತಂದೆಯೇ ಭರಿಸಬೇಕು. ತಾಯಿಯೂ ಸಾಕಷ್ಟು ದುಡಿಯುತ್ತಿದ್ದರೆ ಇಬ್ಬರ ಆದಾಯಕ್ಕೆ ತಕ್ಕಂತೆ ಹಂಚಿಕೆಯಾಗಬಹುದು.

ಈ ಅಫಿಡವಿಟ್ಟೇ ಮುಂದಿನ ಎಲ್ಲದಕ್ಕೂ ಬುನಾದಿ. ಹೈಕೋರ್ಟ್ ನೋಡುವುದು ಕೆಳಗಿನ ನ್ಯಾಯಾಲಯದ ಕಡತವನ್ನು. ಅಲ್ಲಿ ಇಲ್ಲದ ರಸೀತಿಯನ್ನು ಮೇಲೆ ಹುಡುಕಿಕೊಡುವವರು ಯಾರೂ ಇಲ್ಲ. ಶಾಲೆ ಕಾಲೇಜಿನ ಶುಲ್ಕದ ರಸೀತಿ, ಪುಸ್ತಕ, ಸಮವಸ್ತ್ರ, ಬಸ್ ಪಾಸು, ಟ್ಯೂಷನ್ನಿನ ಲೆಕ್ಕ, ಬಾಡಿಗೆ ಕರಾರು, ವೈದ್ಯರ ಚೀಟಿ, ಬ್ಯಾಂಕಿನ ಪಾಸ್‌ಬುಕ್, ಸಂಬಳದ ಚೀಟಿ, ಆದಾಯ ತೆರಿಗೆ ವಿವರ ಇವನ್ನೆಲ್ಲ ದಿನಾಂಕದಂತೆ ಜೋಡಿಸಿಡುವುದು ಬರೀ ಅಚ್ಚುಕಟ್ಟಿನ ಮಾತಲ್ಲ, ಹಕ್ಕಿನ ಮಾತು. ಸಾಲದ ಕಂತು, ವಯಸ್ಸಾದ ಹೆತ್ತವರ ಆರೈಕೆಯ ಹೊಣೆ ಇರುವ ತಂದೆಗೂ ಇದು ಅಷ್ಟೇ ಅನ್ವಯ.

ಮೇಲಕ್ಕೆ ಹೋದಾಗ ಮೊತ್ತ ಇಳಿಯಲೇಬೇಕೆಂದೂ ಇಲ್ಲ. ಇಂದೋರಿನ ಶಾಬಾನೋ ಅವರಿಗೆ 1979ರಲ್ಲಿ ಮ್ಯಾಜಿಸ್ಟ್ರೇಟರು ಗೊತ್ತುಮಾಡಿದ್ದು ತಿಂಗಳಿಗೆ 25 ರೂಪಾಯಿ. 1980ರಲ್ಲಿ ಮಧ್ಯಪ್ರದೇಶ ಹೈಕೋರ್ಟ್ ಅದನ್ನು 179 ರೂಪಾಯಿ 20 ಪೈಸೆಗೆ ಏರಿಸಿತು. ದೇಶವನ್ನೇ ಅಲುಗಿಸಿದ 1985ರ ಸುಪ್ರೀಂ ಕೋರ್ಟ್ ತೀರ್ಪಿನ ಹಿಂದೆ ಇದ್ದದ್ದು ಇಷ್ಟು ಸಣ್ಣ ಮೊತ್ತ.

ಹದಿನೆಂಟು ತುಂಬಿದ ಮೇಲೆ?

ಪಿ.ಯು. ಮುಗಿಸುವ ಹೊತ್ತಿಗೆ ಹದಿನೆಂಟು ತುಂಬುತ್ತದೆ. ನಿಜವಾದ ಖರ್ಚು ಆರಂಭವಾಗುವುದೇ ಅಲ್ಲಿಂದ. ಸೆಕ್ಷನ್ 144 ಸಾಮಾನ್ಯವಾಗಿ ಅಪ್ರಾಪ್ತರಿಗೆ ಮತ್ತು ಅಂಗವೈಕಲ್ಯದಂಥ ಕಾರಣದಿಂದ ದುಡಿಯಲಾಗದ ಮಕ್ಕಳಿಗೆ. ಆದರೆ ತನ್ನನ್ನು ತಾನು ಪೋಷಿಸಿಕೊಳ್ಳಲಾಗದ ಅವಿವಾಹಿತ ಹಿಂದೂ ಮಗಳು 1956ರ ಹಿಂದೂ ದತ್ತಕ ಮತ್ತು ಜೀವನಾಂಶ ಕಾಯ್ದೆಯ ಸೆಕ್ಷನ್ 20ರಡಿ ಕೇಳಬಹುದು ಎಂದು ಸುಪ್ರೀಂ ಕೋರ್ಟ್ 2020ರ ಸೆಪ್ಟೆಂಬರಿನಲ್ಲಿ ಸ್ಪಷ್ಟಪಡಿಸಿತು. 2021ರ ಮಾರ್ಚಿನಲ್ಲಿ ಕರ್ನಾಟಕದ ಸರ್ಕಾರಿ ನೌಕರರೊಬ್ಬರ ಪ್ರಕರಣದಲ್ಲಿ ಅದೇ ನ್ಯಾಯಾಲಯ ಮಗನ ತಿಂಗಳ ಮೊತ್ತವನ್ನು 20,000ದಿಂದ 10,000 ರೂಪಾಯಿಗೆ ಇಳಿಸಿತು, ಆದರೆ ಹದಿನೆಂಟಕ್ಕೆ ನಿಲ್ಲಿಸದೆ ಮೊದಲ ಪದವಿ ಮುಗಿಯುವವರೆಗೆ ಕೊಡುವಂತೆ ಹೇಳಿತು. ಇಂದಿನ ದಿನಗಳಲ್ಲಿ ಕಾಲೇಜು ಮುಗಿಸದೆ ಮೂಲ ಪದವಿಯೇ ಸಿಗುವುದಿಲ್ಲ ಎಂಬುದು ಅದರ ತರ್ಕ. ತಂದೆಗೂ ಕೊಂಚ ಹಗುರ, ಮಗನಿಗೂ ಓದಿನ ಭರವಸೆ.

ವಕೀಲರ ಶುಲ್ಕಕ್ಕೆ ಹೆದರಿ ಹಿಂಜರಿಯುವವರೂ ಇದ್ದಾರೆ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯ ಸೆಕ್ಷನ್ 12ರ ಪ್ರಕಾರ ಮಹಿಳೆಯರು ಮತ್ತು ಮಕ್ಕಳು, ಅವರ ಆದಾಯ ಎಷ್ಟೇ ಇರಲಿ, ಉಚಿತ ಕಾನೂನು ನೆರವಿಗೆ ಅರ್ಹರು. ತಾಲ್ಲೂಕು, ಜಿಲ್ಲಾ ನ್ಯಾಯಾಲಯಗಳಲ್ಲೂ ಹೈಕೋರ್ಟಿನಲ್ಲೂ ಇದಕ್ಕಾಗಿ ಸಮಿತಿ, ಪ್ರಾಧಿಕಾರಗಳಿವೆ.

ಆದೇಶ ಕೈಸೇರಿದ ಸಂಜೆ ಸಿಟ್ಟಿನಲ್ಲಿ ಅಪೀಲಿನ ಮಾತಾಡುವುದು ಸಹಜ. ಅದಕ್ಕೆ ಮುನ್ನ ಎರಡು ಲೆಕ್ಕ ಹಾಕಬೇಕು: ಮೇಲೆ ಹೋದರೆ ಎಷ್ಟು ಉಳಿದೀತು ಅಥವಾ ಹೆಚ್ಚಾದೀತು? ಅಷ್ಟರಲ್ಲಿ ಮಗುವಿನ ಎಷ್ಟು ಶಾಲಾ ವರ್ಷಗಳು ಕಳೆದಾವು? ಆದೇಶದಲ್ಲಿ ನಿಜವಾಗಿಯೂ ತಪ್ಪಿದ್ದರೆ ತಡಮಾಡದೆ ಪ್ರಶ್ನಿಸಲಿ. ಪರಿಸ್ಥಿತಿ ಬದಲಾಗಿದ್ದರೆ ಅದೇ ನ್ಯಾಯಾಲಯಕ್ಕೆ ಮರಳಲಿ. ಎರಡೂ ಅಲ್ಲದ ಬರೀ ಹಟಕ್ಕೆ ಹೈಕೋರ್ಟಿನ ಮೆಟ್ಟಿಲು ಹತ್ತಿದರೆ, ಅದರ ಖರ್ಚು ಕೊನೆಗೆ ಬೀಳುವುದು ಜೂನ್ ತಿಂಗಳಲ್ಲಿ ಶುಲ್ಕದ ಚೀಟಿ ಹಿಡಿದು ನಿಂತ ಮಗುವಿನ ಮೇಲೆಯೇ.